ನನ್ನ ಸೊಂಟದ ಗುಂಡನ್ನು ಕಾಣದ ಯಂತ್ರ ಮಹಾಶಯರಿಗೆ

ದೊಡ್ಡಾಸ್ಪತ್ರೆಯ ಎರಡನೇ ಮಹಡಿಯಲ್ಲಿ, ಕಂಬಳಿ ಕೇಳುವಷ್ಟು ತಣ್ಣಗಿರುವ ಕೋಣೆಯ ನಟ್ಟನಡುವೆ, ಸದಾ ಬಾಯಿ ತೆರೆದುಕೊಂಡು ವಿರಾಜಮಾನರಾಗಿರುವ ಸಿ.ಟಿ. ಸ್ಕ್ಯಾನ್ ಯಂತ್ರ ಮಹಾಶಯರ ದಿವ್ಯ ಸನ್ನಿಧಿಗೆ,

ಮಾನ್ಯರೇ,

ಹುಟ್ಟಿದಂದಿನಿಂದ ಇಂದಿನವರೆಗೆ ಒಮ್ಮೆಯೂ ಸೀನದ, ಕೆಮ್ಮದ, ಆಕಳಿಸದ ಮನುಷ್ಯ ಈ ಭೂಮಂಡಲದಲ್ಲಿ ನಾನೊಬ್ಬನೇ ಎಂಬುದು ತಮ್ಮ ಕಿವಿಗೂ ಬಿದ್ದಿರುತ್ತದೆಯಾದ್ದರಿಂದ, ನನ್ನ ಪರಿಚಯಕ್ಕೆ ಹೆಚ್ಚು ಶಾಯಿ ಖರ್ಚು ಮಾಡುವುದಿಲ್ಲ. ಊರಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿ, ಪತ್ರಲೇಖನಕ್ಕಾಗಿ ಮೇಷ್ಟರೇ ಕುರ್ಚಿಯಿಂದ ಎದ್ದು ನಿಂತು ಮೆಚ್ಚಿಕೊಂಡ ಹುಡುಗ ನಾನು. ಪತ್ರಕ್ಕೆ ತಲೆ, ಹೊಟ್ಟೆ, ಕಾಲು ಎಂದು ಮೂರು ಭಾಗಗಳಿರಬೇಕು ಎಂದು ಅವರು ಕಲಿಸಿದ್ದರು. ಈ ಪತ್ರದಲ್ಲಿ ಹೊಟ್ಟೆಯ ಭಾಗ ಉಬ್ಬಿಕೊಂಡಿದ್ದರೆ ಅದಕ್ಕೆ ತಾವೇ ಹೊಣೆ. ತಾವು, ತಮ್ಮ ಜಾರುವ ಮಂಚ ಮತ್ತು ಗೋಡೆಯೊಳಗಿನಿಂದ ಅಪ್ಪಣೆ ಕೊಡುವ ತಮ್ಮ ಧ್ವನಿಪೆಟ್ಟಿಗೆ ಕ್ಷೇಮವೆಂದು ನಂಬಿದ್ದೇನೆ. ನಾನು ಕ್ಷೇಮವೋ ಅಲ್ಲವೋ ಎಂಬುದನ್ನು ತಾವೇ ಊರಿಗೆಲ್ಲ ಸಾರಿಯಾಗಿದೆ.

ಇನ್ನು ವಿಷಯ. ನನ್ನ ಬಲ ಸೊಂಟದಲ್ಲಿ ಬಂದೂಕಿನ ಗುಂಡೊಂದಿದೆ. ಪ್ರಾಯದಲ್ಲಿ ಸಿಮೆಂಟು ಗೋದಾಮಿನ ಕಾವಲುಗಾರನಾಗಿದ್ದಾಗ ಕಳ್ಳರನ್ನು ಬರಿಗೈಯಲ್ಲಿ ಅಟ್ಟಿಸಿಕೊಂಡು ಹೋಗಿ ತಿಂದ ಗುಂಡು. ಕಳ್ಳರು ಮೊದಮೊದಲು ಇಬ್ಬರಿದ್ದರು. ವಯಸ್ಸಾದಂತೆ ನನ್ನ ನೆನಪು ಚುರುಕಾಗಿ, ಮೊನ್ನೆಯ ಮದುವೆಯ ಊಟದಲ್ಲಿ ಹೇಳುವ ಹೊತ್ತಿಗೆ ಒಂಬತ್ತು ಮಂದಿಯೂ ಒಂದು ಜೀಪೂ ಆಗಿದ್ದರು. ತೆಗೆದರೆ ಕಾಲು ಹೋಗುತ್ತದೆ, ಒಳಗೇ ಇರಲಿ ಎಂದು ಅಂದಿನ ಡಾಕ್ಟರು ಹೇಳಿದ್ದರು. ಆ ಡಾಕ್ಟರು ಈಗ ಬದುಕಿಲ್ಲ. ಬದುಕಿದ್ದಾಗಲೂ ನನ್ನನ್ನು ಬಿಟ್ಟರೆ ಬೇರೆ ಯಾರೂ ಅವರನ್ನು ನೋಡಿರಲಿಲ್ಲ.

ಆ ಗುಂಡು ನನಗೆ ಪಿಂಚಣಿಯಿದ್ದ ಹಾಗೆ. ಅದರ ದೆಸೆಯಿಂದ ನಾನು ಗ್ಯಾಸ್ ಸಿಲಿಂಡರ್ ಎತ್ತಿದವನಲ್ಲ, ಸ್ಟೂಲು ಹತ್ತಿ ಫ್ಯಾನು ಒರೆಸಿದವನಲ್ಲ, ಬಸ್ಸಿನಲ್ಲಿ ನಿಂತವನಲ್ಲ. ಬೀದಿಯ ಮಕ್ಕಳಿಂದ ಹಿಡಿದು ಹಾಲಿನವನವರೆಗೆ ಎಲ್ಲರೂ ನನ್ನನ್ನು ಗುಂಡೇಟು ಮಾವ ಎಂದೇ ಕರೆಯುತ್ತಾರೆ. ಇಡೀ ಬಳಗದಲ್ಲಿ ಅನುಮಾನ ಪಟ್ಟವನು ಒಬ್ಬನೇ, ನನ್ನ ಹೆಂಡತಿಯ ತಮ್ಮ. ವೃತ್ತಿಯಿಂದ ದರ್ಜಿ, ಪ್ರವೃತ್ತಿಯಿಂದ ವಕೀಲ. ಪ್ಯಾಂಟಿಗೆ ಅಳತೆ ತೆಗೆಯುವಾಗಲೆಲ್ಲ ಟೇಪನ್ನು ನನ್ನ ಸೊಂಟದ ಸುತ್ತ ನಿಧಾನಕ್ಕೆ ಎಳೆದು, ಗಿರಾಕಿಗಳಿಗೆ ಕೇಳಿಸುವ ಹಾಗೆ, "ಗುಂಡು ಇವತ್ತು ರಜೆ ಹಾಕಿದೆಯಾ ಭಾವ? ಟೇಪಿಗೆ ಸಿಗ್ತಾ ಇಲ್ಲ" ಎನ್ನುತ್ತಿದ್ದ.

ಹೀಗಿರುವಾಗ ನನ್ನ ಅಣ್ಣ ತೀರಿಕೊಂಡ. ದೊಡ್ಡ ಕರುಳಿನ ಕ್ಯಾನ್ಸರ್. ಗೊತ್ತಾಗುವಷ್ಟರಲ್ಲಿ ಕೈಮೀರಿತ್ತು. ಒಡಹುಟ್ಟಿದವರು ತಪ್ಪದೆ ತಪಾಸಣೆ ಮಾಡಿಸಿಕೊಳ್ಳಬೇಕು ಎಂದು ಡಾಕ್ಟರು ಹೇಳಿದ್ದನ್ನು ಅಣ್ಣನ ಮಗಳು ಮರೆಯಲಿಲ್ಲ. ನನ್ನನ್ನು ಕೈಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಕ್ಯಾಮೆರಾ ಇರುವ ಕೊಳವೆಯನ್ನು ಹಿಂದಿನಿಂದ ಒಳಗೆ ಬಿಟ್ಟು ನೋಡುವುದೇ ಒಳ್ಳೆಯದು ಎಂದು ಡಾಕ್ಟರು ವಿವರಿಸುತ್ತಿದ್ದ ಹಾಗೆ ನಾನು ಎದ್ದು ನಿಂತು, ಕೊಳವೆ ಹೋಗಿ ಗುಂಡಿಗೆ ತಾಗಿ ಅದು ಸಿಡಿದರೆ ಆಸ್ಪತ್ರೆಯ ಕಟ್ಟಡಕ್ಕೆ ಯಾರು ಜವಾಬ್ದಾರಿ ಎಂದು ವಿನಯದಿಂದ ಕೇಳಿದೆ. ಡಾಕ್ಟರು ಪೆನ್ನಿಗೆ ಮುಚ್ಚಳ ಹಾಕಿದರು. ಆಮೇಲೆ, "ಸರಿ ಯಜಮಾನರೇ, ಏನೂ ಮಾಡಿಸದೆ ಇರೋದಕ್ಕಿಂತ ಸಿ.ಟಿ. ಮಾಡಿಸಿ. ಕರುಳೂ ಕಾಣುತ್ತೆ, ನಿಮ್ಮ ಗುಂಡೂ ಕಾಣುತ್ತೆ" ಎಂದರು.

ಈ ಮಾತು ಸಂಜೆಯೊಳಗೆ ದರ್ಜಿ ಅಂಗಡಿ ತಲುಪಿತು. ಗುಂಡು ಕಾಣುತ್ತದೆ ಎಂದು ನಾನು, ಕಾಣುವುದಿಲ್ಲ ಎಂದು ಬಾಮೈದ, ಇಸ್ತ್ರಿ ಮೇಜಿನ ಮೇಲೆ ಕೈಗೆ ಕೈ ಹೊಡೆದು ಪಂದ್ಯ ಕಟ್ಟಿದೆವು. ಮೊತ್ತ ಚಿಲ್ಲರೆ, ಒಂದು ಲೋಟ ಚಹಾಕ್ಕೂ ಸಾಲದು. ಅದನ್ನಿಲ್ಲಿ ಬರೆದು ತಮ್ಮಂಥ ದೊಡ್ಡವರ ಸಮಯ ಹಾಳು ಮಾಡುವುದಿಲ್ಲ.

ಮಾನ್ಯರೇ, ತಮ್ಮ ದರ್ಶನಕ್ಕೆ ಬರುವ ಭಕ್ತರಿಗೆ ತಾವು ವಿಧಿಸುವ ವ್ರತವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಹಿಂದಿನ ದಿನವಿಡೀ ಬರೀ ತಿಳಿನೀರಿನಂಥ ಪದಾರ್ಥ. ಅದರ ಮೇಲೆ ಭೇದಿಯ ಮದ್ದು. ಅದಾದ ಮೇಲೆ, ಕರುಳಿನಲ್ಲಿ ಅಳಿದುಳಿದದ್ದಕ್ಕೆಲ್ಲ ಗುರುತು ಹಾಕಿ, ಯಾವುದು ಕಸ ಯಾವುದು ಕಾಯಿಲೆ ಎಂದು ತಮಗೆ ತೋರಿಸಿಕೊಡುವ ಇನ್ನೊಂದು ಮದ್ದು. ನಮ್ಮ ಮನೆಯಲ್ಲಿರುವುದು ಒಂದೇ ಪಾಯಿಖಾನೆ. ಅಂದು ಅದು ನನ್ನ ಕಚೇರಿಯಾಯಿತು. ಒಂಬತ್ತು ಕಳ್ಳರ ಬೆನ್ನಟ್ಟಿ ಓಡಿದ ಕಾಲುಗಳು ಇವೇ ಎಂದು ಅಂದು ನನಗೇ ನಂಬಿಕೆ ಬಂದಿತು. ಬಾಗಿಲ ಹೊರಗೆ ಕುರ್ಚಿ ಹಾಕಿ ಕೂತಿದ್ದ ಹೆಂಡತಿ, "ಗುಂಡು ಬಿದ್ದ ಸದ್ದು ಏನಾದ್ರೂ ಕೇಳಿಸ್ತಾರೀ?" ಎಂದು ನಡುನಡುವೆ ವಿಚಾರಿಸಿಕೊಳ್ಳುತ್ತಿದ್ದಳು.

ಮರುದಿನ ತಮ್ಮ ಸನ್ನಿಧಿಯಲ್ಲಿ ನನಗೆ ಉಡುಗೊರೆಯಾಗಿ ಒಂದು ನಿಲುವಂಗಿ ಸಿಕ್ಕಿತು. ಮುಂದಿನಿಂದ ನೋಡಿದರೆ ಮಂತ್ರಿ, ಹಿಂದಿನಿಂದ ನೋಡಿದರೆ ಮಗು. ಮೈಯಲ್ಲಿ ಲೋಹವೇನಾದರೂ ಇದೆಯೇ ಎಂದು ತಮ್ಮ ಸೇವೆಯಲ್ಲಿರುವ ಟೆಕ್ನೀಷಿಯನ್ ಹೆಣ್ಣುಮಗಳು ಕೇಳಿದಾಗ, ಈ ಪ್ರಶ್ನೆಗಾಗಿಯೇ ಹುಟ್ಟಿದವನಂತೆ ಎದೆ ಸೆಟೆಸಿ, ಗುಂಡಿನ ಕಥೆಯನ್ನು ಜೀಪಿನ ಸಮೇತ ಹೇಳಿದೆ. ಆಕೆ ಕೈಗವಸು ಹಾಕಿಕೊಳ್ಳುತ್ತ, "ಇದ್ರೆ ಬಚ್ಚಿಟ್ಟುಕೊಳ್ಳೋಕೆ ಆಗಲ್ಲ ಅಂಕಲ್, ಪರದೆ ಮೇಲೆ ನಕ್ಷತ್ರದ ಹಾಗೆ ಹೊಳೆಯುತ್ತೆ" ಎಂದಳು. ನಾನು ನಿಲುವಂಗಿಯ ಹಿಂದಿನ ದಾರಗಳನ್ನು ಇನ್ನೊಮ್ಮೆ ಬಿಗಿಯಾಗಿ ಕಟ್ಟಿಕೊಂಡೆ.

ಮುಂದೆ ನಡೆದ ಸತ್ಕಾರವನ್ನು ಮರೆಯಲಾರೆ. ಬೆರಳಿಗಿಂತ ತೆಳ್ಳಗಿನ ನಳಿಕೆಯೊಂದನ್ನು, ಅತಿಥಿಗಳು ಸಾಮಾನ್ಯವಾಗಿ ಒಳಬರದ ಬಾಗಿಲಿನಿಂದ ಬಿಟ್ಟು, ಸೈಕಲ್ ಟ್ಯೂಬಿಗೆ ಗಾಳಿ ತುಂಬುವ ಹಾಗೆ ನನ್ನನ್ನು ಉಬ್ಬಿಸಲಾಯಿತು. ಉಬ್ಬಿಕೊಳ್ಳುವುದು ನನಗೆ ಹೊಸದಲ್ಲ, ಆದರೆ ಈವರೆಗೆ ಅದನ್ನು ನಾನೇ ಮಾಡಿಕೊಳ್ಳುತ್ತಿದ್ದೆ. ಅಂಗಾತ ಮಲಗಿಸಿ ಒಮ್ಮೆ, ಬೋರಲು ಮಲಗಿಸಿ ಒಮ್ಮೆ ತಾವು ನನ್ನನ್ನು ನುಂಗಿ ಉಗುಳಿದಿರಿ. "ಉಸಿರು ಹಿಡಿಯಿರಿ" ಎಂದು ಗೋಡೆಯಿಂದ ಅಪ್ಪಣೆಯಾಯಿತು, ಹಿಡಿದೆ. "ಬಿಡಿ" ಎಂದಿತು, ಬಿಟ್ಟೆ, ಉಸಿರೊಂದನ್ನೇ ಅಲ್ಲ. ಅರಿವಳಿಕೆ ಇಲ್ಲ, ಸೂಜಿ ಇಲ್ಲ, ಚಹಾ ಆರುವಷ್ಟರಲ್ಲಿ ಎಲ್ಲವೂ ಮುಗಿದುಹೋಯಿತು. ಹೆಂಡತಿಗೆ ನನ್ನ ಒಳಗನ್ನು ತಿಳಿದುಕೊಳ್ಳಲು ಮೂವತ್ತು ವರ್ಷ ಬೇಕಾಯಿತಂತೆ.

ಫಲಿತಾಂಶದ ದಿನ ಡಾಕ್ಟರ ಮುಂದೆ ನಾನು, ಹೆಂಡತಿ, ಅಣ್ಣನ ಮಗಳು, ಮತ್ತು ಚೀಲ ಹಿಡಿಯಲು ಬಂದೆನೆಂದು ಹೇಳಿಕೊಂಡು ಖಾಲಿ ಕೈಯಲ್ಲಿ ನಿಂತಿದ್ದ ಬಾಮೈದ. ಡಾಕ್ಟರು ಪರದೆಯನ್ನು ನಮ್ಮ ಕಡೆಗೆ ತಿರುಗಿಸಿ, "ದೊಡ್ಡ ಕರುಳಿನ ಎಡಗಡೆ ಕಡಲೆಕಾಳಷ್ಟು ಗಂಟೊಂದಿದೆ. ಈಗಲೇ ತೆಗೆಸಿದ್ರೆ ಅಲ್ಲಿಗೆ ಮುಗೀತು. ಬಿಟ್ರೆ ಮುಂದೆ ಕ್ಯಾನ್ಸರ್ ಆಗಬಹುದು. ತೆಗೆಯೋಕೆ ಮಾತ್ರ ಕೊಳವೆ ಹಾಕ್ಲೇಬೇಕು" ಎಂದರು. ಗುಂಡಿಗೆ ತಾಗದ ಹಾಗೆ ತೆಗೆಯಲು ಬರುತ್ತದೆಯೇ ಎಂದು ನಾನು ಕೇಳಿದೆ. "ಗುಂಡೆಲ್ಲಿದೆ? ನೀವು ಹೇಳಿದ್ರಿ ಅಂತ ನಾನೂ ಹುಡುಕಿದೆ. ಮೂಳೆ ಬೆಳ್ಳಗೆ ಚೆನ್ನಾಗಿದೆ. ಬಲಗಡೆ ಮೂತ್ರಪಿಂಡದಲ್ಲಿ ಸಣ್ಣದೊಂದು ಕಲ್ಲಿದೆ, ಅಷ್ಟೇ" ಎಂದರು. ಹೊರಗೆ ಬಂದ ಮೇಲೆ ಬಾಮೈದ ನನ್ನ ಹೆಗಲ ಮೇಲೆ ಕೈಯಿಟ್ಟು, "ಹೋಗ್ಲಿ ಬಿಡಿ ಭಾವ. ಗುಂಡಿಲ್ಲದಿದ್ರೂ ಕಲ್ಲಾದ್ರೂ ಇದೆಯಲ್ಲ" ಎಂದು ಸಮಾಧಾನ ಹೇಳಿದ.

ಕಡಲೆಕಾಳನ್ನು ಕಂಡ ಕಣ್ಣಿಗೆ, ಮರಳಿನ ಕಣದಂಥ ಕಲ್ಲನ್ನು ಕಂಡ ಕಣ್ಣಿಗೆ, ಒಂಬತ್ತು ಕಳ್ಳರು ಸೇರಿ ಹಾರಿಸಿದ ಗುಂಡು ಕಾಣಲಿಲ್ಲವೆಂದರೆ, ಮಾನ್ಯರೇ, ತಮ್ಮನ್ನು ಕುರುಡರೆನ್ನದೆ ಬೇರೇನೆನ್ನಲಿ? ಹಾಗೆಂದೇ ನಾನು ಬೀದಿಯಲ್ಲಿ ಸಾರಿಕೊಂಡು ಬಂದೆ. ಯಂತ್ರ ಕುರುಡು, ಆದ್ದರಿಂದ ಗಂಟೂ ಸುಳ್ಳು, ಆದ್ದರಿಂದ ಕೊಳವೆ ಬೇಡ. ಈ ತರ್ಕ ನಮ್ಮ ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ. ಹೆಂಡತಿ ಸೌಟು ಹಿಡಿದುಕೊಂಡೇ, "ಯಂತ್ರಕ್ಕೆ ಕಣ್ಣಿಲ್ಲ ಅಂದ್ರೆ ಗುಂಡಿದೆ, ಗಂಟಿಲ್ಲ. ಕಣ್ಣಿದೆ ಅಂದ್ರೆ ಗಂಟಿದೆ, ಗುಂಡಿಲ್ಲ. ಯಾವುದು ಅಂತ ಬೇಗ ಹೇಳಿ, ಊಟಕ್ಕೆ ಬಡಿಸ್ಬೇಕು" ಎಂದಳು. ಗುಂಡಿದೆ ಎಂದೆ. ಬಡಿಸಿದಳು, ಆದರೆ ತಟ್ಟೆ ಇಟ್ಟ ಸದ್ದು ಪಕ್ಕದ ಮನೆಗೂ ಕೇಳಿಸಿರಬೇಕು. ಹೀಗೆ ದಿನಗಳು ಹೋದವು. ಗುಂಡು ಸೊಂಟದಲ್ಲೇ ಇತ್ತು, ಗಂಟು ಕರುಳಲ್ಲೇ ಇತ್ತು, ನಾನು ಎರಡರ ನಡುವೆ ಇದ್ದೆ.

ಒಂದು ಭಾನುವಾರ ಅಣ್ಣನ ಮಗಳು ಬಂದಳು. ಗದರುತ್ತಾಳೆ, ಇಲ್ಲವೇ ಅಳುತ್ತಾಳೆ ಎಂದುಕೊಂಡು ನಾನು ಎರಡಕ್ಕೂ ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದೆ. ಅವಳು ಚಿಕ್ಕಮ್ಮನ ಜೊತೆ ಕೂತು ಈರುಳ್ಳಿ ಸುಲಿಯುತ್ತ, ತಲೆ ಎತ್ತದೆ, "ಚಿಕ್ಕಪ್ಪ, ಅಪ್ಪನ ಹತ್ರಾನೂ ಒಂದು ಗುಂಡಿತ್ತು. ಅವರು ಅದನ್ನ ಮೂಲವ್ಯಾಧಿ ಅಂತಿದ್ರು. ರಕ್ತ ಹೋದಾಗಲೆಲ್ಲ ಅದೇ ಕಥೆ. ನಾವೂ ನಂಬ್ತಾ ಇದ್ವಿ, ಚೆನ್ನಾಗೇ ಹೇಳ್ತಿದ್ರು" ಎಂದಳು. ಈರುಳ್ಳಿಯ ಖಾರ ಹಜಾರದವರೆಗೂ ಬಂದಿತ್ತು.

ಮರುದಿನ ಬೆಳಿಗ್ಗೆ ದರ್ಜಿ ಅಂಗಡಿಗೆ ಹೋಗಿ, ಗಿರಾಕಿಗಳು ತುಂಬಿರುವಾಗಲೇ, ಪಂದ್ಯದ ಹಣವನ್ನು ಇಸ್ತ್ರಿ ಮೇಜಿನ ಮೇಲಿಟ್ಟೆ. ಅಂಗಡಿಗೆ ಅಂಗಡಿಯೇ ನಗುವಂಥ ಹಾಸ್ಯ ಕೇಳಲು ಮೈ ಗಟ್ಟಿ ಮಾಡಿಕೊಂಡು ನಿಂತಿದ್ದೆ. ಬಾಮೈದ ಮಿಷನ್ನಿನಿಂದ ಕಾಲು ತೆಗೆದ, ಹಣವನ್ನು ನೋಡಿದ, ನನ್ನನ್ನು ನೋಡಿದ, ಕತ್ತಿನಿಂದ ಟೇಪು ತೆಗೆದು ಗೂಟಕ್ಕೆ ಹಾಕಿ, "ಆಸ್ಪತ್ರೆಗೆ ಯಾವತ್ತು ಭಾವ? ಅಂಗಡಿ ಮುಚ್ಕೊಂಡು ಬರ್ತೀನಿ" ಎಂದ. ಇಷ್ಟು ವರ್ಷಗಳಲ್ಲಿ ಅವನು ನನ್ನನ್ನು ಗೇಲಿ ಮಾಡುವ ಅವಕಾಶವೊಂದನ್ನು ಕೈಬಿಟ್ಟದ್ದು ಅದೇ ಮೊದಲು. ಆಗಲೇ ನನಗೆ ನಿಜವಾಗಿ ಭಯವಾದದ್ದು.

ಕೊಳವೆಯ ವಿಷಯದಲ್ಲಿ ಹೇಳುವುದೇನಿಲ್ಲ. ನಿದ್ದೆ ಬರಿಸಿದ್ದರು, ಎದ್ದಾಗ ಗಂಟು ಇರಲಿಲ್ಲ. ಯಾವುದೂ ಸಿಡಿಯಲಿಲ್ಲ. ಗಂಟನ್ನು ಪರೀಕ್ಷೆಗೆ ಕಳಿಸಿ, ಇನ್ನೂ ಕೆಟ್ಟಿರಲಿಲ್ಲ, ಬಿಟ್ಟಿದ್ದರೆ ಕೆಡುವ ಜಾತಿಯದೇ, ಸರಿಯಾದ ಹೊತ್ತಿಗೆ ಬಂದಿರಿ ಎಂದರು. ಅಣ್ಣನ ಮಗಳು ಅಂದು ಅತ್ತಳು.

ಆದಕಾರಣ ಮಾನ್ಯರಲ್ಲಿ ನನ್ನ ಬಿನ್ನಹವೇನೆಂದರೆ, ತಾವು ಇಷ್ಟೊಂದು ಸತ್ಯವಂತರಾಗಿರುವುದು ಸಂಸಾರಸ್ಥರಿಗೆ ಒಳ್ಳೆಯದಲ್ಲ. ಗಂಟುಗಳ ವಿಷಯದಲ್ಲಿ ಹೀಗೆಯೇ ಕಟ್ಟುನಿಟ್ಟಾಗಿರಿ, ಕಡಲೆಯಲ್ಲ, ಸಾಸಿವೆಯನ್ನೂ ಬಿಡಬೇಡಿ. ಆದರೆ ಮಾನಸ್ಥರ ಸೊಂಟದ ಕಡೆ ಬಂದಾಗ ಒಂದು ಕಣ್ಣು ಮುಚ್ಚಿಕೊಳ್ಳಿ. ಸಾಧ್ಯವಾದರೆ ನನ್ನ ಚಿತ್ರದಲ್ಲಿ ಬಲ ಸೊಂಟದ ಬಳಿ ಒಂದು ನಕ್ಷತ್ರ ಮೂಡಿಸಿಕೊಡಿ, ಚಿಕ್ಕದಾದರೂ ಸಾಕು. ಅದೂ ಆಗದಿದ್ದರೆ, ಗುಂಡು ಇತ್ತು, ಈಗ ಕರಗಿ ರಕ್ತದಲ್ಲಿ ಧೈರ್ಯವಾಗಿ ಬೆರೆತುಹೋಗಿದೆ ಎಂದು ಡಾಕ್ಟರ ಬಾಯಲ್ಲಿ ಒಂದು ಮಾತು ಹೇಳಿಸಿ. ಮೊನ್ನೆ ನಾನೇ ಗ್ಯಾಸ್ ಸಿಲಿಂಡರ್ ಎತ್ತಿ ಒಳಗಿಡಬೇಕಾಯಿತು ಎಂಬುದನ್ನು ತಮ್ಮ ಗಮನಕ್ಕೆ ತರಲು ದುಃಖವಾಗುತ್ತದೆ.

ಒಳಗೊಂದು ಹೊರಗೊಂದು ಇಟ್ಟುಕೊಳ್ಳಲು ತಾವು ಜಾಗವನ್ನೇ ಉಳಿಸದ,

ತಮ್ಮ ವಿಶ್ವಾಸಿ,
ಗುಂಡೇಟು ಮಾವ
(ಈಗ ಬರೀ ಮಾವ)

ಮರೆತಿದ್ದ ಮಾತು: ಪತ್ರವನ್ನು ಅಂಚೆಗೆ ಹಾಕುವ ಮುನ್ನ ಹೆಂಡತಿ ಓದಿ, ಒಂದು ಲೋಟ ಚಹಾಕ್ಕೂ ಸಾಲದು ಎಂಬಲ್ಲಿ ಬೆರಳಿಟ್ಟು, ಯಂತ್ರಕ್ಕಾದರೂ ನಿಜ ಬರೆಯಿರಿ, ಹೇಗೂ ಅದಕ್ಕೆ ಕಾಣುತ್ತೆ ಎಂದಳು. ಆಗ ತಿಳಿದದ್ದೇನೆಂದರೆ, ಬಾಮೈದನ ಪಂದ್ಯದಲ್ಲಿ ಅರ್ಧ ಅವಳದಂತೆ. ದಿನಾ ಆ ಸೊಂಟಕ್ಕೆ ಎಣ್ಣೆ ತಿಕ್ಕಿದ ಕೈಗೆ ಗುಂಡಿಲ್ಲವೆಂಬುದು ಮದುವೆಯಾದ ಹೊಸದರಲ್ಲೇ ಗೊತ್ತಾಗಿತ್ತಂತೆ. ಗೆದ್ದ ಹಣವನ್ನು ಅಕ್ಕತಮ್ಮ ಸೇರಿ ಕೊಳವೆಯ ಬಿಲ್ಲಿಗೆ ಕಟ್ಟಿದರಂತೆ. ಆದ್ದರಿಂದ ತಿದ್ದಿಕೊಳ್ಳಿ: ನಾನು ಸೋತದ್ದು ಹದಿನೆಂಟು ಸಾವಿರ.