ಉಳಿದ ಏಳು ಹಾಡುಗಳು

ಚಾಮರಾಜಪೇಟೆಯ ಯಾರೋ ಹುಡುಗ ಕೆಟ್ಟುನಿಂತ ಸ್ಕೂಟರಿನ ಮುಂದೆ ಕುಣಿದು ರೀಲ್ ಮಾಡಿದ್ದೇ ಎಲ್ಲಕ್ಕೂ ಮೂಲ. ಹಿನ್ನೆಲೆಗೆ ಅವನು ಹಾಕಿದ್ದು, ಮೂವತ್ತು ವರ್ಷದ ಹಿಂದೆ ‘ಕಂಬಳಿಹುಳ’ ಎಂಬ ರಾಕ್ ಬ್ಯಾಂಡ್ ಹಾಡಿದ್ದ ‘ಸ್ಕೂಟರ್ ಸ್ಟಾರ್ಟ್ ಆಗ್ತಿಲ್ಲ ಸರೋಜಾ’. ಆ ಬ್ಯಾಂಡಿನ ಗಾಯಕ ರಾಮಾನುಜ ಈಗ ಗವಿಪುರದಲ್ಲಿ ತನ್ನ ಪಾಡಿಗೆ ತಾನಿದ್ದ ಗುಮಾಸ್ತ. ರೀಲ್ ವೈರಲ್ ಆಗಿ, ಗಾಯಕ ಇವನೇ ಎಂದು ಬೀದಿಗೆಲ್ಲ ಗೊತ್ತಾದ ಭಾನುವಾರ ಬೆಳಗ್ಗೆ ಹಾಲು ತರಲು ಹೋದವನು ಸೆಲ್ಫಿ ಕೊಟ್ಟೂ ಕೊಟ್ಟೂ ಸುಸ್ತಾಗಿ ಹಾಲು ಮರೆತು ಬಂದ.

ಅವನಿಗೆ ಆ ಹಾಡೆಂದರೆ ಹಳೇ ಹಲ್ಲುನೋವು. ಅದೇ ಕ್ಯಾಸೆಟ್ಟಿನಲ್ಲಿ ಬದುಕು, ಸಾವು, ಒಂಟಿತನವನ್ನೆಲ್ಲ ಹಿಂಡಿ ಬರೆದ ಇನ್ನೂ ಏಳು ಹಾಡುಗಳಿದ್ದವು. ಅವನ್ನು ಪೂರ್ತಿ ಕೇಳಿದ ಒಬ್ಬರನ್ನೂ ಅವನು ಕಂಡಿರಲಿಲ್ಲ. ಹೆಂಡತಿ ಗೋದಾ ಕೂಡ ಒಗ್ಗರಣೆಯ ನೆಪ ಹೇಳಿ ಎದ್ದುಹೋಗುತ್ತಿದ್ದಳು.

“ಬೀದಿಯೋರೆಲ್ಲ ಕೇಳ್ತಿದಾರೆ. ಯಾರ್ರೀ ಈ ಸರೋಜಾ?” ಎಂದಳು ಗೋದಾ.

“ಯಾರೂ ಇಲ್ಲ ಕಣೇ. ಸ್ಕೂಟರ್‌ಗೆ ‘ಸ’ದಿಂದ ಒಂದು ಹೆಸರು ಬೇಕಿತ್ತು.”

“ಸುಶೀಲಾ ಅಂತ ನಿಮ್ಮಕ್ಕನ ಹೆಸರಿತ್ತಲ್ಲ?”

ಪ್ರೇಮಗೀತೆಗೆ ಅಕ್ಕನ ಹೆಸರು ಹಾಕುವುದು ಹೇಗೆಂದು ಕೇಳುವ ಮೊದಲೇ ಬಡಾವಣೆ ಸಂಘದ ಅಧ್ಯಕ್ಷ ದೊಡ್ಡಬೈರಪ್ಪನವರು ಸೀದಾ ಒಳಗೆ ಬಂದರು.

“ಏನ್ ಸ್ವಾಮಿ, ನಮ್ ರೋಡಲ್ಲೇ ಇಂಥ ಆರ್ಟಿಸ್ಟ್ ಇಟ್ಕೊಂಡು ಪ್ರತಿ ವರ್ಷ ಮಿಮಿಕ್ರಿಯೋನ್ನ ಕರೆಸ್ತಿದ್ವಲ್ಲ! ಇವತ್ತು ವಾರ್ಷಿಕೋತ್ಸವ. ಮಧ್ಯಾಹ್ನ ನಿಮ್ದೇ ಪ್ರೋಗ್ರಾಂ.”

“ನನ್ ಗಿಟಾರ್‌ಗೆ ತಂತೀನೇ ಇಲ್ಲ ಸಾರ್.”

“ವೀಣೆದು ತರಿಸ್ತೀನಿ ಬಿಡಿ. ತಂತಿ ತಂತೀನೇ ಅಲ್ವಾ?”

ರಾಮಾನುಜ ಕಂಗಾಲಾಗಿ, ಹಿಂದೆ ಡ್ರಮ್ಸ್ ಬಾರಿಸುತ್ತಿದ್ದ ಮಂಜುನಾಥನಿಗೆ ಫೋನ್ ಮಾಡಿದ. ಅವನೀಗ ತರಗುಪೇಟೆಯಲ್ಲಿ ಬೇಳೆ ವ್ಯಾಪಾರಿ. “ಲಾರಿ ಬಂದು ನಿಂತಿದೆ ಗುರು, ಬರೋಕಾಗಲ್ಲ. ‘ಕಿಕ್ಕು ಹೊಡಿ’ ಅನ್ನೋ ಜಾಗದಲ್ಲಿ ಮಾತ್ರ ಕಾಲೆತ್ಬೇಡ, ವಯಸ್ಸಾಗಿದೆ” ಎಂದು ಫೋನಿಟ್ಟ.

ವೀಣೆ ತಂತಿ ಬಿಗಿದ ಗಿಟಾರ್ ಹಿಡಿದು ಅವನು ವೇದಿಕೆ ಹತ್ತಿದರೆ, ಸಂಘದ ಸಭಾಂಗಣದಲ್ಲಿ ಜನ ಸರೋಜಾಳನ್ನು ಬಿಟ್ಟು ಬೇರೇನನ್ನೂ ಕೇಳಲೊಲ್ಲರು. ಮೂರನೇ ‘ಒನ್ಸ್ ಮೋರ್’ಗೆ ರಾಮಾನುಜ ಮೈಮರೆತು ಕಾಲೆತ್ತಿಬಿಟ್ಟ. ಸೊಂಟ ಹಿಡಿದುಕೊಂಡಿತು. ಚಪ್ಪಲಿ ಹಾರಿ, ದೊಡ್ಡಬೈರಪ್ಪನವರ ತಟ್ಟೆಯಲ್ಲಿದ್ದ ಹೋಳಿಗೆಯ ಮೇಲೆ ಕೂತಿತು. ಜನ ಇನ್ನಷ್ಟು ಚಪ್ಪಾಳೆ ತಟ್ಟಿದರು.

ಸಾಕಪ್ಪಾ ಎಂದು ಅವನು ಇಳಿಯುತ್ತಿರುವಾಗ ಹಿಂದಿನ ಸಾಲಿನಿಂದ ಒಬ್ಬ ಯುವತಿ ಎದ್ದು ನಿಂತಳು.

“ಸರ್, ನಾನು ಆರಾಧನಾ. ನಿಮ್ಮನ್ನ ಹುಡುಕ್ಕೊಂಡೇ ಬಂದೆ. ಸರೋಜಾ ಸಾಕು. ‘ಬೂದಿ ಬಣ್ಣದ ಸಂಜೆ’ ಹಾಡಿ, ಪ್ಲೀಸ್. ಉಳಿದಿದ್ದನ್ನೂ.”

“ನೀವು… ಅವನ್ನೆಲ್ಲ ಕೇಳಿದೀರಾ?”

“ಏಳೂ ಇದೆ ಸರ್ ನನ್ ಹತ್ರ. ದಿನಾ ಒಂದು ಹಾಕ್ಕೊತೀನಿ.”

ರಾಮಾನುಜನ ಕಣ್ಣು ತುಂಬಿ ಬಂತು. ಸೊಂಟನೋವು ಎಲ್ಲಿ ಹೋಯಿತೋ. ಕಣ್ಣು ಮುಚ್ಚಿ, ಮೂವತ್ತು ವರ್ಷ ಒಳಗೇ ಕೊಳೆತದ್ದನ್ನೆಲ್ಲ ಸುರಿದು ಹಾಡಿದ. ಒಬ್ಬರೂ ಕೆಮ್ಮಲಿಲ್ಲ, ಒಂದು ಕುರ್ಚಿಯೂ ಕಿರುಗುಟ್ಟಲಿಲ್ಲ. ಇದಲ್ಲವೇ ರಸಿಕತೆ ಎಂದುಕೊಂಡು, ಏಳನೆಯದನ್ನೂ ಮುಗಿಸಿ ಕಣ್ಣು ತೆರೆದ.

ಸಂಘದ ಪದಾಧಿಕಾರಿಗಳು ಮಂಡಿಯ ಮೂಟೆಗಳಂತೆ ಒಬ್ಬರ ಮೇಲೊಬ್ಬರು ಒರಗಿದ್ದರು. ದೊಡ್ಡಬೈರಪ್ಪನವರ ಗಲ್ಲ ಎದೆಗೆ ಅಂಟಿತ್ತು. ಗೋದಾ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು. ಎಚ್ಚರವಾಗಿದ್ದವಳು ಆರಾಧನಾ ಒಬ್ಬಳೇ. ಅವಳು ಕಿವಿಯಿಂದ ಹತ್ತಿ ತೆಗೆಯುತ್ತಿದ್ದಳು.

“ಅದ್ಭುತ ಸರ್! ನಮ್ ಕಂಪನಿ ನಿದ್ದೆ ಬರದೇ ಇರೋರಿಗೆ ಆ್ಯಪ್ ಮಾಡ್ತಿದೆ. ನಿಮ್ಮಷ್ಟು ಫಾಸ್ಟಾಗಿ ಮಲಗಿಸೋರು ಇಡೀ ಇಂಡಿಯಾದಲ್ಲಿಲ್ಲ.”

“ಊಟ ಜಾಸ್ತಿ ಆಗಿರ್ಬೇಕಮ್ಮ ಇವರಿಗೆ…”

“ಇಲ್ಲ ಸರ್, ಖಾಲಿ ಹೊಟ್ಟೇಲೂ ಟೆಸ್ಟ್ ಮಾಡಿದೀವಿ. ನಾನೇ ಯಾವ ಹಾಡಲ್ಲೂ ಎರಡನೇ ಚರಣ ಇನ್ನೂ ಕೇಳಿಲ್ಲ.”

ಅಷ್ಟರಲ್ಲಿ ಸಭಾಂಗಣದ ಕಾವಲುಗಾರ ಬೀಗದ ಕೈ ಅಲ್ಲಾಡಿಸುತ್ತ ಬಂದ. “ಸಾರ್, ಟೈಮಾಯ್ತು. ಇವ್ರನ್ನೆಲ್ಲ ಎಬ್ಬಿಸಿ.”

ಭುಜ ಹಿಡಿದು ಅಲುಗಿಸಿದರೆ ದೊಡ್ಡಬೈರಪ್ಪನವರು ಮಗ್ಗುಲು ಬದಲಿಸಿದರು. ನೀರು ಚಿಮುಕಿಸಿದರೆ ಗೋದಾ ಸೆರಗು ಹೊದ್ದುಕೊಂಡಳು. ರಾಮಾನುಜ ನಿಟ್ಟುಸಿರು ಬಿಟ್ಟು, ಮತ್ತೆ ಗಿಟಾರ್ ಎತ್ತಿಕೊಂಡ.

“ಸ್ಕೂಟರ್ ಸ್ಟಾರ್ಟ್ ಆಗ್ತಿಲ್ಲ…”

“ಸರೋಜಾ!” ಎಂದು ಇಡೀ ಸಭೆ ಧಡಕ್ಕನೆ ಎದ್ದು ಕೂತಿತು.

ದೊಡ್ಡಬೈರಪ್ಪನವರು ಜೊಲ್ಲು ಒರೆಸಿಕೊಂಡು ಚಪ್ಪಾಳೆ ತಟ್ಟಿದರು. “ಹಾಡು ಅಂದ್ರೆ ಇದು! ಇಷ್ಟ್ ಹೊತ್ತು ಏನೇನೋ ಗೊಣಗ್ತಿದ್ರಲ್ಲ ಸ್ವಾಮಿ. ಒನ್ಸ್ ಮೋರ್!”