ನಾಲ್ಕು ತೂತಿನ ಡಬ್ಬಿ, ನಾನೂರು ಊಟ

ಮುಂಬೈ ಪಕ್ಕದ ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಒಂದು ಕಂಪನಿಯ ಕ್ಯಾಂಟೀನ್ ಗುತ್ತಿಗೆ. ದಿನಕ್ಕೆ ನಾನೂರು ಊಟ, ಎರಡು ವರ್ಷದ ಕರಾರು. ಇದು ನಮಗೆ ಬರುತ್ತದೋ ಕೈತಪ್ಪುತ್ತದೋ ಎಂಬುದು ಅಂಗೈಯಲ್ಲಿ ಹಿಡಿಸುವ ಒಂದು ಪ್ಲಾಸ್ಟಿಕ್ ಡಬ್ಬಿಯ ಮೇಲೆ ನಿಂತಿತ್ತು ಎಂದರೆ ಹೋಟೆಲ್ ಲೈನಿನವರು ಯಾರೂ ನಂಬುವುದಿಲ್ಲ. ಆದರೆ ನಮ್ಮ ಧಂಧೆಯಲ್ಲಿ ಇಂಥದ್ದು ಆಗುತ್ತಲೇ ಇರುತ್ತದೆ. ಗ್ಯಾಸ್ ದುಬಾರಿಯಾಗಲಿ, ಅಡುಗೆಯವನು ಊರಿಗೆ ಹೋಗಲಿ, ಅದಕ್ಕೆಲ್ಲ ಒಂದು ದಾರಿ ಉಂಟು. ಯಾರೂ ಲೆಕ್ಕಕ್ಕೆ ಹಿಡಿಯದ ಸಣ್ಣ ವಸ್ತುವೇ ಬಂದು ನಾಲ್ಕು ಜನರ ಎದುರು ನಗೆಪಾಟಲು ಮಾಡುವುದು.

ಕಂಪನಿಯ ಶರತ್ತು ಸರಳವಾಗಿತ್ತು. ಕ್ಯಾಂಟೀನಿನಲ್ಲಿ ನಗದು ವ್ಯವಹಾರ ಇಲ್ಲ. ಕೆಲಸಗಾರ ತನ್ನ ಕಾರ್ಡ್ ತೋರಿಸಬೇಕು, ಸ್ಕ್ಯಾನರ್ ಓದಬೇಕು, ಕೌಂಟರಿನಲ್ಲಿ ಒಂದು ಟೋಕನ್, ಅಡುಗೆಮನೆಯಲ್ಲಿ ಇನ್ನೊಂದು ಟೋಕನ್ ಪ್ರಿಂಟ್ ಆಗಬೇಕು. ನಮಗೂ ಠಾಣೆ ಊರಿನ ಇನ್ನೊಬ್ಬ ಕೇಟರರನಿಗೂ ಒಂದೇ ದಿನ ಪರೀಕ್ಷೆ, ಅಕ್ಕಪಕ್ಕದ ಕೌಂಟರು. ಯಾರ ಸಾಲು ನಿಂತುಹೋಯಿತೋ ಅವನು ಮನೆಗೆ.

ನನ್ನ ಹತ್ತಿರ ಇದ್ದದ್ದು ಮಗಳು ಆರಿಸಿಕೊಟ್ಟ ಲ್ಯಾಪ್‌ಟಾಪ್. ನೀರುದೋಸೆಯಷ್ಟು ತೆಳು. ಅದಕ್ಕೆ ಇರುವುದೇ ಎರಡು ತೂತು, ಅದರಲ್ಲಿ ಒಂದನ್ನು ಚಾರ್ಜರ್ ಹಿಡಿದುಕೊಂಡಿತ್ತು. ಉಳಿದ ಒಂದರಲ್ಲಿ ಎರಡು ಪ್ರಿಂಟರು, ಒಂದು ಸ್ಕ್ಯಾನರು ಕೂರಬೇಕು. ಒಂದು ತೂತನ್ನು ನಾಲ್ಕು ಮಾಡುವ ಡಬ್ಬಿಗೆ ಯುಎಸ್‌ಬಿ ಹಬ್ ಎನ್ನುತ್ತಾರಂತೆ. ಹುಡುಕಾಟ ಅಲ್ಲಿಂದ ಶುರು.

೧. ದೇವರಿಗೆ ಮೀಸಲು

ಮಗಳು ಘಣಸೋಲಿಯ ಒಂದು ಆಫೀಸಿನಲ್ಲಿ ಕೆಲಸಕ್ಕಿದ್ದಾಳೆ. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. ವ್ಯವಹಾರ ಇಬ್ಬರಿಗೂ ತಿಳಿಯುತ್ತದೆ. "ಪಪ್ಪಾ, ಟೆನ್ಷನ್ ಮತ್ ಲೋ, ಮೈ ಮಂಗಾತೀ ಹೂಂ" ಎಂದು ಮೊಬೈಲಿನಲ್ಲೇ ಒಂದು ಹಬ್ ತರಿಸಿಕೊಟ್ಟಳು. ಕಪ್ಪು ಬಣ್ಣ, ನುಣುಪಾದ ಮೈ, ನಾಲ್ಕು ತೂತು ಆಕಾಶ ನೋಡುತ್ತ ಸಾಲಾಗಿ ಮೇಲ್ಮುಖ. ಸಂಜೆ ಅದನ್ನು ಗಲ್ಲಾದ ಮೇಲಿಟ್ಟು ಮನೆಗೆ ಹೋದೆ.

ಬೆಳಿಗ್ಗೆ ಬಂದು ನೋಡುತ್ತೇನೆ, ನಾಲ್ಕು ತೂತಿನಲ್ಲೂ ಒಂದೊಂದು ಊದುಬತ್ತಿ ಉರಿಯುತ್ತಿದೆ.

ನಮ್ಮ ಗಲ್ಲಾದಲ್ಲಿ ಕೂರುವ ಭಟ್ರು ಕುಂದಾಪುರದ ಕಡೆಯವರು. ನನ್ನ ತಂದೆಯ ಕಾಲದಿಂದ ಇದ್ದವರು, ಶಟರ್ ಎತ್ತಿದ ಕೂಡಲೇ ದೇವರ ಪಟಕ್ಕೆ ಊದುಬತ್ತಿ ಹಚ್ಚದೆ ಮೊದಲ ಬಿಲ್ಲು ಹರಿಯುವವರಲ್ಲ. ಅಷ್ಟು ವರ್ಷವೂ ಕಡ್ಡಿಯನ್ನು ಬಾಳೆಹಣ್ಣಿಗೆ ಚುಚ್ಚುತ್ತಿದ್ದರು.

"ಭಟ್ರೇ, ಎಂತ ಮಾಡಿದ್ದು ಇದು?"

"ಎಂತ ಮಾಡಿದೆ? ಪಟದ ಎದುರು ನಾಲ್ಕು ತೂತಿನ ಸ್ಟ್ಯಾಂಡು ತಂದಿಟ್ಟದ್ದು ನೀವು. ಬೂದಿ ಚೂರೂ ಹೊರಗೆ ಬೀಳುವುದಿಲ್ಲ, ಎಲ್ಲ ಒಳಗೇ ಹೋಗ್ತದೆ. ಇಷ್ಟು ವರ್ಷದಲ್ಲಿ ಗಲ್ಲಾಕ್ಕೆ ನೀವು ತಂದದ್ದರಲ್ಲಿ ಉಪಯೋಗಕ್ಕೆ ಬಿದ್ದದ್ದು ಇದೊಂದೇ ಅಣ್ಣ."

ಕಡ್ಡಿ ಕಿತ್ತು, ಹಲ್ಲುಜ್ಜುವ ಹಳೇ ಬ್ರಶ್ಶಿನಲ್ಲಿ ತೂತು ಉಜ್ಜಿ, ಎಲ್ಲ ಜೋಡಿಸಿ ನೋಡಿದೆ. ಆಶ್ಚರ್ಯವೆಂದರೆ ಕೆಲಸ ಮಾಡಿತು. ಆದರೆ ಒಂದೊಂದಾಗಿ ಮಾತ್ರ. ಮೂರನ್ನೂ ಒಟ್ಟಿಗೆ ಕೂರಿಸಿದರೆ ಸ್ಕ್ಯಾನರ್ ಕಣ್ಣು ಮುಚ್ಚುತ್ತಿತ್ತು. ಮಗಳು ಸಂಜೆ ಬಂದು ಮೂಸಿ ನೋಡಿ, ಇದಕ್ಕೆ ಪವರ್ ಸಾಲದು, ವಾಪಸ್ ಮಾಡುತ್ತೇನೆ ಎಂದಳು. ಕಾರಣ ಏನು ಬರೆಯುತ್ತೀ ಎಂದು ಕೇಳಿದೆ. ಫೋನ್ ತೆರೆದಳು, ಹಬ್ ಮಾರಿದವರು ಕೊಟ್ಟ ಕಾರಣಗಳನ್ನೆಲ್ಲ ಓದಿದಳು, ಫೋನ್ ಮುಚ್ಚಿದಳು.

"ಪಪ್ಪಾ, ಪೂಜಾ ಕಾ ಆಪ್ಷನ್ ನಹೀ ಹೈ."

ಹಬ್ ಭಟ್ರ ಪಾಲಾಯಿತು.

೨. ಹಿಡಿ ಅಕ್ಕಿ

ಎರಡನೇ ಸಲ ನನ್ನ ರೀತಿಯಲ್ಲೇ ಕೊಳ್ಳುವುದೆಂದು ತೀರ್ಮಾನಿಸಿದೆ. ಅಕ್ಕಿ ಕೊಳ್ಳುವಾಗ ನಾನು ಮೂಟೆಯ ಮೇಲಿನ ಹೆಸರು ನೋಡುವವನಲ್ಲ. ಒಂದು ಹಿಡಿ ತಂದು ನೆನೆಸಿ, ರುಬ್ಬಿ, ಬೇಯಿಸಿ, ಇಡ್ಲಿ ಏಳುತ್ತದೋ ಎಂದು ನೋಡಿದ ಮೇಲೆಯೇ ವ್ಯಾಪಾರ. ಹಬ್ಬಿಗೆ ಮಾತ್ರ ಬೇರೆ ನ್ಯಾಯ ಯಾಕೆ? ಲ್ಯಾಪ್‌ಟಾಪ್, ಎರಡು ಪ್ರಿಂಟರು, ಸ್ಕ್ಯಾನರು, ಎಲ್ಲವನ್ನೂ ಸಮಾರಂಭಕ್ಕೆ ಇಡ್ಲಿ ಕೊಂಡೊಯ್ಯುವ ದೊಡ್ಡ ಸ್ಟೀಲ್ ಡಬ್ಬದೊಳಗೆ ಟವೆಲ್ ಸುತ್ತಿ ಇಟ್ಟು ಕಲ್ಯಾಣದ ಲೋಕಲ್ ರೈಲು ಹತ್ತಿದೆ. ಬೋಗಿಯಲ್ಲಿ ಪಕ್ಕದವನು ಮೂಗು ಅರಳಿಸಿ, "ಅಣ್ಣಾ, ಗರಮ್ ಹೈ ಕ್ಯಾ?" ಎಂದ. ಇನ್ನೂ ಬಿಸಿಯಾಗಿಲ್ಲ, ಕಲ್ಯಾಣದಲ್ಲಿ ಆಗುತ್ತದೆ ಎಂದೆ.

ಸ್ಟೇಷನ್ ಹತ್ತಿರದ ಅಂಗಡಿಯವರು ಮರಾಠಿಗರು, ನನ್ನದೇ ವಯಸ್ಸು. ಬಂದ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸದ ಪೈಕಿ. ಒಂದೊಂದೇ ಹಬ್ ತೆಗೆದರು: ಇದು ಹಗುರ, ಇದು ಅಲ್ಯೂಮಿನಿಯಂ, ಇದರಲ್ಲಿ ನೀಲಿ ಲೈಟು.

"ಲೈಟು ಬೇಡ, ನನ್ನದು ವೆಜ್ ಹೋಟೆಲು, ಬಾರ್ ಅಲ್ಲ. ಒಟ್ಟಿಗೆ ಮೂರು ಎಳೆಯಬೇಕು. ಎಳೆಯುತ್ತದಾ?"

"ಎಳೆಯುತ್ತದೆ."

"ಎಳೆದು ತೋರಿಸಿ," ಎಂದು ಡಬ್ಬದ ಮುಚ್ಚಳ ತೆಗೆದೆ.

ಅವರು ಒಳಗೆ ನೋಡಿ, ನನ್ನ ಮುಖ ನೋಡಿ, ಕುರ್ಚಿ ಎಳೆದುಕೊಂಡು ಕೂತರು. ಮೊದಲೆರಡು ಹಬ್ ಸ್ಕ್ಯಾನರಿನ ಕಣ್ಣು ಮುಚ್ಚಿಸಿದವು. ಆಗ ಅವರು ಸತ್ಯ ಹೇಳಿದರು. "ಅಣ್ಣಾ, ಇವೆಲ್ಲ ಲ್ಯಾಪ್‌ಟಾಪಿನಿಂದಲೇ ಕರೆಂಟ್ ತಿನ್ನುವಂಥವು. ನಮ್ಮ ಲೋಕಲಿನಲ್ಲಿ ಮೂವರ ಸೀಟಿಗೆ ನಾಲ್ಕನೆಯವನು ಕೂರುವುದಿಲ್ಲವಾ, ಅರ್ಧ ಬೆಂಚಿನ ಮೇಲೆ, ಅರ್ಧ ಗಾಳಿಯಲ್ಲಿ? ಹಾಗೆ. ಕೂತಿದ್ದಾನೆ, ಆದರೆ ಗಾಡಿ ತಿರುಗಿದರೆ ಬಿದ್ದ. ನಿಮಗೆ ಬೇಕಾದದ್ದು ಬೇರೆ ಅಡಾಪ್ಟರ್ ಇರುವ ಹಬ್. ಎಲ್ಲರಿಗೂ ಪೂರಾ ಸೀಟು."

"ಇದನ್ನು ಮೊದಲೇ ಹೇಳಬಹುದಿತ್ತಲ್ಲ?"

"ಮೊದಲು ತೆಗೆದದ್ದರಲ್ಲಿ ನನಗೆ ಮಾರ್ಜಿನ್ ಜಾಸ್ತಿ."

ಈ ಮನುಷ್ಯನ ಮೇಲೆ ನನಗೆ ಗೌರವ ಬಂತು. ಅಡಾಪ್ಟರ್ ಹಾಕಿ ಜೋಡಿಸಿದರು. ಎರಡು ಪ್ರಿಂಟರೂ ಒಟ್ಟಿಗೆ ಕರಕರ ಎಂದು ಟೋಕನ್ ಉಗುಳಿದವು: ಇಡ್ಲಿ ಒಂದು ಪ್ಲೇಟು, ವಡೆ ಒಂದು, ಕಾಫಿ ಎರಡು. ಗಟ್ಟಿ ಮಾಡಿಕೊಳ್ಳಲು ಇನ್ನೂ ಹತ್ತು ತೆಗೆಸಿದೆ. ಒಮ್ಮೆಯೂ ಸ್ಕ್ಯಾನರ್ ಕಣ್ಣು ಮಿಟುಕಿಸಲಿಲ್ಲ. ನನ್ನ ಎದೆಯ ಮೇಲಿಂದ ಒಂದು ಮೂಟೆ ಇಳಿಸಿದಂತಾಯಿತು.

ಚೌಕಾಸಿ ಮುಗಿಸಿ ತಿರುಗಿದರೆ ಹಿಂದೆ ಒಬ್ಬರು ಹಿರಿಯರು ನಮ್ಮ ಪ್ರಿಂಟರು ಉಗುಳಿದ ಟೋಕನ್ ಹಿಡಿದು ನಿಂತಿದ್ದಾರೆ. ಫೋನಿಗೆ ಗಾಜು ಹಾಕಿಸಲು ಬಂದವರಂತೆ. ತುಸು ಬೇಸರದಲ್ಲಿ ಅಂಗಡಿಯವರಿಗೆ ಹೇಳಿದರು: "ಟೋಕನ್ ಕೊಟ್ಟು ಎಷ್ಟು ಹೊತ್ತಾಯಿತು. ಇಡ್ಲಿ ಬೇಡ, ಕಾಫಿಯಾದರೂ ತಂದುಕೊಡಿ."

೩. ಸಾಂಬಾರು ಕಟ್ಟಿದ ಹಾಗೆ

ಪರೀಕ್ಷೆಯ ಹಿಂದಿನ ದಿನ ನಮ್ಮ ಹೋಟೆಲಿನಲ್ಲೇ ತಾಲೀಮು ಇಟ್ಟೆ. ಮಧ್ಯಾಹ್ನದವರೆಗೆ ಎಲ್ಲ ಸರಾಗ. ಚಾ ಹೊತ್ತಿಗೆ ಸ್ಕ್ಯಾನರ್ ಸತ್ತಿತು. ಕಲ್ಯಾಣದವರಿಗೆ ಫೋನ್ ಮಾಡೋಣವೆಂದು ಜೇಬು ತಡವಿದರೆ ಫೋನೇ ಇಲ್ಲ.

ಗಲ್ಲಾದ ಹಿಂದೆ ಬಗ್ಗಿ ನೋಡಿದೆ. ಸ್ಕ್ಯಾನರಿನ ವೈರು ಕಿತ್ತು ಪಕ್ಕಕ್ಕಿಟ್ಟಿದ್ದಾರೆ. ಹಬ್ಬಿನಲ್ಲಿ ಒಂದು ಫೋನು ಭಟ್ರದ್ದು, ಇನ್ನೊಂದು ಫೋನು, ನೋಡಿದರೆ, ನನ್ನದೇ. ಹೋಟೆಲಿನಲ್ಲಿ ಎಲ್ಲಿ ತೂತು ಕಂಡರೂ ಅದು ಚಾರ್ಜಿಂಗಿಗೆ ಎಂದು ನಮ್ಮವರ ನಂಬಿಕೆ.

"ಭಟ್ರೇ, ನಾಳೆ ಕಂಪನಿಯಲ್ಲಿ ಹೀಗೆ ಮಾಡಿದರೆ ನಾನೂರು ಊಟ ಹೋಯಿತು ಅಂತ ಲೆಕ್ಕ."

"ನಾನು ನನ್ನದು ಮಾತ್ರ ಹಾಕಿದ್ದು, ಖಾಲಿ ತೂತಿಗೆ. ಅಷ್ಟರಲ್ಲಿ ಮೇಜಿನ ಮೇಲೆ ನಿಮ್ಮದು ಕಂಡಿತು, ಎರಡೇ ಪರ್ಸೆಂಟು. ಮಾಲಕರ ಫೋನು ಸಾಯುವಾಗ ನನ್ನದು ಕರೆಂಟ್ ಕುಡಿಯುತ್ತಾ ಕೂರುವುದು ಚಂದವಾ? ಹಾಗಾಗಿ ಸ್ಕ್ಯಾನರ್ ತೆಗೆದೆ."

ಮರ್ಯಾದೆ ತೋರಿಸಿದವರನ್ನು ಬೈಯುವುದು ಹೇಗೆ? ಬೈಯುವ ಬದಲು ಹಬ್ಬನ್ನೇ ಭದ್ರ ಮಾಡಿದೆ. ಮೂರು ವೈರನ್ನು ಮೂರು ತೂತಿಗೆ ಹಾಕಿ, ಉಳಿದ ತೂತಿನ ಮೇಲೆ ಪಟ್ಟಿ ಅಂಟಿಸಿ, ಇಡೀ ಡಬ್ಬಿಗೆ ಪ್ಲಾಸ್ಟಿಕ್ ಸುತ್ತಿ, ಸಾಂಬಾರ್ ಪಾರ್ಸಲ್ ಕಟ್ಟುವವನನ್ನು ಕರೆದು ದಾರ ಬಿಗಿಸಿದೆ. ಅವನು ಕಟ್ಟಿದ ಗಂಟನ್ನು ಈವರೆಗೆ ಯಾವ ಗಿರಾಕಿಯೂ ಕೈಯಲ್ಲಿ ಬಿಚ್ಚಿದ್ದಿಲ್ಲ. ಮಗಳು ಬಂದಾಗ ಹೆಮ್ಮೆಯಿಂದ ತೋರಿಸಿದೆ. ಅವಳು ಅದನ್ನು ಎತ್ತಿ ಆಚೀಚೆ ತಿರುಗಿಸಿ, ಅಪರೂಪಕ್ಕೆ ಕನ್ನಡದಲ್ಲೇ ಕೇಳಿದಳು.

"ಪಪ್ಪಾ, ಇದಕ್ಕೆ ಚಟ್ನಿ ಬೇರೆ ಉಂಟಾ?"

೪. ಮೂರನೇ ಮಹಡಿಯ ವಾಸನೆ

ಪರೀಕ್ಷೆಯ ದಿನ. ಪಕ್ಕದ ಕೌಂಟರಿನಲ್ಲಿ ಠಾಣೆಯ ಕೇಟರಿಂಗಿನವರು, ಇಸ್ತ್ರಿ ಮಾಡಿದ ಟೀಶರ್ಟು, ಕೈಯಲ್ಲಿ ಟ್ಯಾಬ್ಲೆಟ್ಟು. ನನ್ನ ದಾರ ಕಟ್ಟಿದ ಹಬ್ ನೋಡಿ, "ಅಣ್ಣ, ನಮ್ಮದೆಲ್ಲ ವೈರ್‌ಲೆಸ್ಸು" ಎಂದು ಹಲ್ಲು ಬಿಟ್ಟರು. ನಮ್ಮದಕ್ಕೆಲ್ಲ ವೈರ್ ಇದೆ ಎಂದೆ.

ಹನ್ನೆರಡೂವರೆಗೆ ಸಾಲು ಶುರು. ಕಾರ್ಡು, ಪೀಂ, ಕರಕರ, ತಟ್ಟೆ. ಎರಡೂ ಕಡೆ ಒಂದೇ ವೇಗ. ಇನ್ನೂರು ಜನ ಬಾಕಿ ಇರುವಾಗ ಅಡ್ಮಿನ್ ಸಾಹೇಬರು ಮೆಟ್ಟಿಲು ಇಳಿದು ಓಡಿಬಂದರು. ಗುತ್ತಿಗೆಗೆ ಸಹಿ ಹಾಕುವವರು ಅವರೇ. ಮೂರನೇ ಮಹಡಿಯಲ್ಲಿ ಪುಣೆಯ ಹೆಡ್ ಆಫೀಸಿನವರು ಕೂತಿದ್ದಾರೆ, ತೋರಿಸಬೇಕಾದದ್ದೆಲ್ಲ ಪೆನ್ ಡ್ರೈವಿನಲ್ಲಿದೆ, ಸಾಹೇಬರದ್ದೂ ನನ್ನ ಹಾಗೆ ನೀರುದೋಸೆ ಲ್ಯಾಪ್‌ಟಾಪು, ಅದರ ಸಣ್ಣ ತೂತಿಗೆ ಪೆನ್ ಡ್ರೈವ್ ಹೋಗುವುದಿಲ್ಲ. ಕಂಪನಿಯ ಹಬ್ ಕಪಾಟಿನಲ್ಲಿದೆ, ಕಪಾಟಿನ ಕೀಲಿ ಕೈ ರಜೆಯಲ್ಲಿರುವವನ ಹತ್ತಿರ.

ಮೊದಲು ಠಾಣೆಯವರನ್ನು ಕೇಳಿದರು. "ಸರ್, ನಮ್ಮದು ವೈರ್‌ಲೆಸ್ಸು," ಎಂದರು ಅವರು, ಈ ಸಲ ಹಲ್ಲು ಬಿಡದೆ.

ಆಮೇಲೆ ನನ್ನ ಕಡೆ ತಿರುಗಿದರು. "ಅಣ್ಣಾ, ತುಮ್ಚಾ ಡಬ್ಬಾ ದ್ಯಾ. ಅರ್ಧ ತಾಸು."

ಕೊಟ್ಟರೆ ಹಸಿದ ಇನ್ನೂರು ಜನರ ಸಾಲು ನಿಲ್ಲುತ್ತದೆ. ಕೊಡದಿದ್ದರೆ ಸಹಿ ಹಾಕುವ ಕೈಯೇ ನಿಲ್ಲುತ್ತದೆ. ಇದಕ್ಕೆ ಯಾವ ಚೌಕಾಸಿಯೂ ನನಗೆ ಹೊಳೆಯಲಿಲ್ಲ. ಅಷ್ಟರಲ್ಲಿ ಭಟ್ರ ಕಡೆ ಕಣ್ಣು ಹೋಯಿತು. ಅವರ ಮಗ್ಗುಲಲ್ಲಿ, ಸಣ್ಣ ದೇವರ ಪಟದ ಎದುರು, ಮಗಳು ತರಿಸಿದ್ದ ಮೊದಲ ಹಬ್. ಹೊಸ ಜಾಗದಲ್ಲಿ ಮೊದಲ ಬಿಲ್ಲಿಗೆ ಮುಂಚೆ ಊದುಬತ್ತಿ ಆಗಬೇಕೆಂದು ಜೊತೆಗೇ ತಂದಿದ್ದಾರೆ. ಕಡ್ಡಿಗಳು ಆಗತಾನೇ ಆರಿದ್ದವು.

ಮೂರನ್ನು ಎಳೆಯಲಾರದ ಹಬ್ಬು ಒಂದು ಪೆನ್ ಡ್ರೈವನ್ನು ಖಂಡಿತ ಎಳೆಯುತ್ತದೆ. ಬೆನ್ನು ತಿರುಗಿಸಿ ಕಡ್ಡಿ ಕಿತ್ತೆ, ಬೂದಿ ಊದಿದೆ, ಟವೆಲ್ ತುದಿಯಲ್ಲಿ ಒರೆಸಿ ಸಾಹೇಬರ ಕೈಗಿಟ್ಟೆ. "ಸ್ಪೇರ್ ಇಟ್ಟುಕೊಂಡೇ ಬರುವುದು ನಮ್ಮ ಪದ್ಧತಿ ಸಾಹೇಬ್." ಅವರು ಮೆಟ್ಟಿಲು ಹತ್ತಿದರು. ಭಟ್ರು ನನ್ನ ಕಿವಿಯಲ್ಲಿ, "ಸಂಜೆ ವಾಪಸ್ ಬರ್ತದಲ್ವಾ? ನಾಳೆ ಬೆಳಿಗ್ಗೆಗೆ ಬೇಕು" ಎಂದರು.

ಸಾಲು ನಿಲ್ಲದೆ ಮುಗಿಯಿತು. ಠಾಣೆಯವರದ್ದೂ ಮುಗಿಯಿತು. ಸಮಸಮ. ತಟ್ಟೆ ತೊಳೆಯುವ ಹೊತ್ತಿಗೆ ಸಾಹೇಬರು ಇಳಿದು ಬಂದರು. ಮುಖ ಬಿಗಿದಿತ್ತು, ಕೈಯಲ್ಲಿ ಹಬ್ ಇರಲಿಲ್ಲ. ಸುಟ್ಟುಹೋಯಿತು, ನಮ್ಮ ಕಥೆಯೂ ಮುಗಿಯಿತು ಎಂದುಕೊಂಡೆ.

"ಅಣ್ಣಾ, ಆ ಡಬ್ಬದಲ್ಲಿ ಏನಿತ್ತು?"

ನಾನು ಭಟ್ರನ್ನು ನೋಡಿದೆ. ಭಟ್ರು ಪಟವನ್ನು ನೋಡಿದರು. ಸುಳ್ಳಿಗೆ ಸಮಯ ಸಾಲಲಿಲ್ಲ, ಇದ್ದದ್ದು ಹೇಳಿದೆ.

ಸಾಹೇಬರು ಕುರ್ಚಿಯ ಮೇಲೆ ಕುಸಿದು ನಗತೊಡಗಿದರು. ಪೆನ್ ಡ್ರೈವ್ ಚೆನ್ನಾಗಿಯೇ ನಡೆಯಿತಂತೆ. ಸ್ವಲ್ಪ ಹೊತ್ತಿಗೆ ಹಬ್ ಬಿಸಿಯಾಗಿದೆ, ತೂತಿನ ಒಳಗೆ ಉಳಿದ ಬೂದಿಯಿಂದ ಗಂಧದ ಪರಿಮಳ ಎದ್ದು ಇಡೀ ಕೋಣೆ ತುಂಬಿದೆ. ಪುಣೆಯ ಹಿರಿಯರು ಮಾತು ನಿಲ್ಲಿಸಿ, ಉಸಿರೆಳೆದುಕೊಂಡು, ಈ ವ್ಯವಸ್ಥೆ ಯಾರದ್ದು ಎಂದು ಕೇಳಿದ್ದಾರೆ.

"ಈ ಬಿಲ್ಡಿಂಗಿನಲ್ಲಿ ನಾನು ಸೇರಿದಾಗಿನಿಂದ ಕೆಮಿಕಲ್ ಬಿಟ್ಟು ಬೇರೆ ವಾಸನೆ ಬಂದದ್ದು ಇವತ್ತೇ ಮೊದಲು," ಎಂದರು ಸಾಹೇಬರು. "ನಮ್ಮ ಹೊಸ ಕ್ಯಾಂಟೀನಿನವರದ್ದು ಅಂತ ಹೇಳಿಬಿಟ್ಟೆ. ಈಗ ಗುತ್ತಿಗೆ ಬೇರೆಯವರಿಗೆ ಕೊಡುವ ಹಾಗಿಲ್ಲ."

ಕೂತು ಒಂದು ಲೋಟ ನೀರು ಪೂರಾ ಕುಡಿದೆ. ಬೆಳಿಗ್ಗೆಯಿಂದ ಕುಡಿದ ಮೊದಲ ಲೋಟ ಅದು.

ಒಟ್ಟು ಲೆಕ್ಕ ಹೀಗೆ: ನಾನೂರು ಊಟ, ಎರಡು ವರ್ಷ, ದಾರ ಕಟ್ಟಿದ ಹಬ್ ಒಂದು. ಅದರ ಗಂಟನ್ನು ಇನ್ನೂ ಬಿಚ್ಚಿಲ್ಲ. ಇನ್ನೊಂದು ಹಬ್ ವಾಪಸ್ ಬರಲೇ ಇಲ್ಲ, ಭಟ್ರು ಮತ್ತೆ ಬಾಳೆಹಣ್ಣಿಗೆ ಮರಳಿದ್ದಾರೆ. ಪುಣೆಯವರು ಬರುವ ದಿನ ಬೆಳಿಗ್ಗೆ ಸಾಹೇಬರ ಫೋನ್ ತಪ್ಪದೆ ಬರುತ್ತದೆ.

"ಅಣ್ಣಾ, ಡಬ್ಬಾ ಇಲ್ಲೇ ಇದೆ. ಕಡ್ಡಿ ಮುಗಿದಿದೆ."