ಜಗಳ ಬಿಡಿಸುವ ಜೀವಕೋಶ

ಆಳಂದ, ಜೇವರ್ಗಿ ಸುತ್ತಿ ಈಗ ಅಫಜಲಪುರದಲ್ಲಿ ದವಾಖಾನೆ ಇಟ್ಟುಕೊಂಡಿರುವ ನನಗೆ ಒಂದು ಕೆಟ್ಟ ಚಟವಿದೆ. ಮಾತ್ರೆ ಬರೆದು ಸುಮ್ಮನಿರುವುದಿಲ್ಲ, ರೋಗ ಏನೆಂದು ಬಿಡಿಸಿ ಹೇಳಿಯೇ ಕಳಿಸುತ್ತೇನೆ. ಹಾಗಾಗಿ ಏನಾದರೊಂದು ಫಜೀತಿ ಆಗುತ್ತಲೇ ಇರುತ್ತದೆ. ಅದರಲ್ಲೂ ಅತನೂರಿನ ಆ ಅವ್ವನಿಗೆ ಹೇಳಹೋಗಿ ಪಟ್ಟ ಪಾಡನ್ನು ಮರೆಯಲಾರೆ.

ಶಕ್ತಿ ಹೆಚ್ಚಾಯಿತು

ಅವ್ವ ಗಂಡನನ್ನು ಕರೆದುಕೊಂಡು ಬಂದಿದ್ದರು. ಅವ್ವನ ಹತ್ತೂ ಬೆರಳಿನ ಗೆಣ್ಣು ಊದಿಕೊಂಡಿದ್ದವು.

"ಮುಂಜಾನೆ ಮುಷ್ಟಿ ಹಿಡಿಯಾಕ ಬರೂದಿಲ್ರಿ ಸಾಹೇಬ್ರ. ಎಳ್ಳಮಾಸಿಗೆ ನಾ ಸಜ್ಜಿ ರೊಟ್ಟಿ ಬಡಿಲಿಲ್ಲಂದ್ರ ನಮ್ಮ ಮನ್ಯಾಗ ಹಬ್ಬನೇ ಇಲ್ಲ. ಶಕ್ತಿ ಕಮ್ಮಿ ಆಗ್ಯದ, ಒಂದು ಸೂಜಿ ಮಾಡ್ರಿ."

ಪರೀಕ್ಷೆ ಮಾಡಿಸಿ ನೋಡಿದರೆ ಸಂಧಿವಾತ. "ಶಕ್ತಿ ಕಮ್ಮಿ ಆಗಿಲ್ಲವ್ವ. ರೋಗದ ಜೋಡಿ ಹೋರಾಡೋ ಶಕ್ತಿ ಹದ್ದು ಮೀರಿ ನಿಮ್ಮ ಕೀಲನ್ನೇ ಹೊಡಿಯಾಕತ್ತದ" ಎಂದೆ.

ಅವ್ವ ಗಂಡನ ಕಡೆ ತಿರುಗಿದರು. "ಕೇಳಿದ್ರಿಲ್ಲೋ? ನನ್ನ ಶಕ್ತಿ ಹದ್ದು ಮೀರ್ಯದಂತ. ಇನ್ನ ಮ್ಯಾಲೆ ಸ್ವಲ್ಪ ಅಂಜಿ ನಡೀರಿ."

ಬಿಡಿಸುವವರು

ನನ್ನ ಚಟ ಸುಮ್ಮನಿರಬೇಕಲ್ಲ. "ಮೈಯಾಗ ರೋಗದ ಹುಳಕ್ಕ ಹೊಡಿಯೋ ಜೀವಕೋಶ ಇರ್ತಾವ. ಅವು ತಪ್ಪಿ ನಮ್ಮ ಕೀಲಿಗೇ ಕೈ ಎತ್ತಿದ್ರ, 'ಬಿಡ್ರೋ, ಇವ ನಮ್ಮವ' ಅಂತ ತಡಿಯೋವೂ ಇರ್ತಾವ. ಅವಕ್ಕ ರೆಗ್ಯುಲೇಟರಿ ಟಿ ಜೀವಕೋಶ ಅಂತಾರ. ನಿಮ್ಮಲ್ಲಿ ಅವುಗಳ ಮಾತು ನಡಿವಲ್ದು."

"ಅಂದ್ರ ನಮ್ಮ ಮನಿಯವರಂಗ," ಎಂದರು ಅವ್ವ. "ಊರಾಗ ಯಾರದರ ಬದುವಿನ ಜಗಳ ಇರಲಿ, ಇವರು ಬಿಡಿಸಾಕ ಹೋಗ್ತಾರ, ಎರಡೂ ಕಡಿಯವರ ಕೈಲೆ ಹೊಡಿಸ್ಕೊಂಡ ಬರ್ತಾರ."

ಅವ್ವನ ಯಜಮಾನರು ಮೆಲ್ಲಗೆ ಕೇಳಿದರು: "ಆ ಜೀವಕೋಶಕ್ಕೂ ಹಂಗೇ ಬೀಳ್ತಾವೇನ್ರಿ ಸಾಹೇಬ್ರ?"

ಎರಡೂ ಕಡೆಯವರಿಗೆ

ವಾರಕ್ಕೊಂದು ಮಾತ್ರೆ ಬರೆದುಕೊಟ್ಟಿದ್ದೆ. ಎರಡು ತಿಂಗಳಾದರೂ ಊತ ಇಳಿದಿರಲಿಲ್ಲ. "ಬೇರೆ ಏನರ ತಗೋತೀರೇನು?" ಎಂದರೆ ಯಜಮಾನರು ಫ್ಯಾನು ನೋಡತೊಡಗಿದರು. ಕೊನೆಗೆ ಅವ್ವನೇ ಒಪ್ಪಿಕೊಂಡರು. ಜೇವರ್ಗಿಯಲ್ಲಿರುವ ಅವರ ತಂಗಿ ರೋಗನಿರೋಧಕ ಶಕ್ತಿ ಹೆಚ್ಚಿಸುವ ಪುಡಿ ಕಳಿಸಿದ್ದಳು, ದಿನಾ ಎರಡು ಲೋಟ ಕಷಾಯ ನಡೆದಿತ್ತು.

ನನಗೆ ಸಿಟ್ಟು ನೆತ್ತಿಗೇರಿತು. "ಹೊಡಿಯೋರನ್ನ ತಣ್ಣಗ ಮಾಡಾಕ ನಾ ಮಾತ್ರಿ ಕೊಟ್ರ, ನೀವು ಅವರಿಗೇ ಬಲ ಬರ್ಲಿ ಅಂತ ಕಷಾಯ ಕುಡಿತೀರಲ್ಲ?"

"ಮಾತ್ರಿ ಬಿಡಿಸೋರ ಕಡಿಗಾತು, ಖರೆ," ಎಂದರು ಅವ್ವ. "ಹೊಡಿಯೋರೂ ಇಷ್ಟು ವರ್ಷ ನಮಗಾಗೇ ದುಡದಾರ. ಎರಡೂ ಕಡಿ ಬೀಗರು ಮನಿಗೆ ಬಂದಾಗ ಒಬ್ಬರಿಗೆ ಚಹಾ ಕೊಟ್ಟು ಒಬ್ಬರಿಗೆ ಬಿಟ್ರ ಚಂದ ಕಾಣ್ತದೇನ್ರಿ?"

"ಎಳ್ಳಮಾಸಿಗೆ ರೊಟ್ಟಿ ಬೇಕೋ, ಕಷಾಯ ಬೇಕೋ?" ಎಂದೆ. ಅವ್ವ ಬೆರಳು ನೋಡಿಕೊಂಡು, "ರೊಟ್ಟಿ" ಎಂದರು.

ಎಳ್ಳಮಾವಾಸ್ಯೆ

ಮಾತು ಉಳಿಸಿಕೊಂಡರು. ಹಬ್ಬದ ದಿನ ನನ್ನನ್ನು ಹೊಲಕ್ಕೇ ಕರೆಸಿದರು. ಬೆಳೆಗೆ ನೈವೇದ್ಯದ ಚರಗ ಚೆಲ್ಲಿ ಎಲ್ಲರೂ ಕೂತಾಗ, ಎಳ್ಳು ಹಚ್ಚಿದ ತೆಳ್ಳನೆಯ ಸಜ್ಜಿ ರೊಟ್ಟಿ, ಸೊಪ್ಪು-ಕಾಳು ಬೇಯಿಸಿದ ಭಜ್ಜಿ ಬಡಿಸಿದರು. ರೊಟ್ಟಿ ಅವರೇ ಬಡಿದದ್ದು. ಗೆಣ್ಣುಗಳ ಊತ ಇಳಿದಿತ್ತು. ಆ ಕೈ ನೋಡಿ ನನಗೆ ಹೊಟ್ಟೆ ತುಂಬಿದಷ್ಟು ಸಂತೋಷವಾಯಿತು.

ಅಷ್ಟರಲ್ಲಿ ಪಕ್ಕದ ಹೊಲಗಳಿಂದ ಅವ್ವನ ಮೈದುನರಿಬ್ಬರು ಬಂದರು. ಡಾಕ್ಟರು ಮೊದಲು ನಮ್ಮ ಹೊಲಕ್ಕೆ ಬರಬೇಕು ಎಂದು ಒಬ್ಬ ಬಲಗೈ ಹಿಡಿದ, ಇನ್ನೊಬ್ಬ ಎಡಗೈ. ಜಗ್ಗಾಟ ಬೈಗುಳಕ್ಕೆ ತಿರುಗಿತು. ಯಜಮಾನರು ಎದ್ದರು. ಪಾಪ, ಇವತ್ತೂ ಇವರಿಗೆ ಬೀಳುತ್ತವೆ ಅಂದುಕೊಂಡೆ.

"ಏ, ಬಿಡ್ರಲೇ! ಕೂಡ್ರಿ ಸುಮ್ಮ!"

ಹಕ್ಕಿ ಹಾರಿದವು. ಜನ್ಮದಲ್ಲಿ ಅಣ್ಣನ ಏರುದನಿ ಕೇಳದ ತಮ್ಮಂದಿರು ನನ್ನ ಕೈ ಬಿಟ್ಟು ನಿಂತಲ್ಲೇ ಕುಕ್ಕರುಬಡಿದರು.

ಅವ್ವ ನನ್ನ ಎಲೆಗೆ ಇನ್ನೊಂದು ರೊಟ್ಟಿ ಹಾಕುತ್ತ ಹೆಮ್ಮೆಯಿಂದ ಹೇಳಿದರು: "ನೀವು ಹೇಳಿದ ಮ್ಯಾಲೆ ಕಷಾಯ ನಾ ಬಿಟ್ಟೇನ್ರಿ. ಆದ್ರ ಚೆಲ್ಲಲಿಲ್ಲ. ಬಿಡಿಸೋರಿಗೆ ಬಲ ಬೇಕು ಅಂತ ದಿನಾ ಎರಡು ಲೋಟ ಇವರಿಗೇ ಕುಡಿಸಾಕತ್ತೇನಿ."

ಯಜಮಾನರು ಪಕ್ಕದಲ್ಲಿ ಕೂತು ನನ್ನ ಕಿವಿಯ ಹತ್ತಿರ ಬಾಗಿದರು. "ಸಾಹೇಬ್ರ, ಸಿಟ್ಟು ಬಂದಿದ್ದು ತಮ್ಮಂದಿರ ಮ್ಯಾಲಲ್ರಿ. ಎರಡು ತಿಂಗಳಿಂದ ಆ ಕಷಾಯದ ಮ್ಯಾಲೆ ಅದ."